ಮರ ಬೇಕು, ಮರಣ ಬೇಡ: ಒಂದು ಹುಡುಕಾಟದ ಪ್ರಕರಣ

ಒಂದು ಪದಕೋಶಕ್ಕೆ ಉದಾಹರಣೆ ವಾಕ್ಯಗಳನ್ನು ಆರಿಸುವ ಕೆಲಸ ನಮ್ಮ ಮುಂದಿತ್ತು. ಕೈಯಲ್ಲಿದ್ದದ್ದು ಸಾವಿರಾರು ಸಾಲಿನ ಒಂದು ಕನ್ನಡ ಫೈಲ್, ಸಾಲಿಗೊಂದು ವಾಕ್ಯ. ಅದರಲ್ಲಿ ‘ಮರ’ ಇರುವ ಸಾಲುಗಳಷ್ಟೇ ಬೇಕು. ಬೇರು, ಕಾಂಡ, ಕೊಂಬೆ ಇರುವ ಮರ. ಕೇಳಿದರೆ ಐದು ನಿಮಿಷದ ಕೆಲಸ ಅನ್ನಿಸುತ್ತದೆ, ಅಲ್ವಾ? ನಮಗೆ ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ಕಲಿತದ್ದು ಈ ಒಂದು ಪದಕ್ಕೆ ಮಾತ್ರ ಸೇರಿದ್ದಲ್ಲ. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಜೊತೆಗೆ ಕೆಲಸ ಮಾಡುವ ಗೆಳತಿ ಮೊದಲ ಸುತ್ತು ಹುಡುಕಿ ಕೊಟ್ಟಳು. ಓದುತ್ತಾ ಹೋದಂತೆ ಎರಡು ವಿಷಯ ಕಣ್ಣಿಗೆ ಬಿದ್ದವು. ನಾಯಿಮರಿಯ ಸಾಲೊಂದು ಒಳಗೆ ಬಂದು ಕೂತಿತ್ತು. ಮರದ ಕೆಳಗೆ ಒಬ್ಬನ ಪ್ರಾಣ ಹೋಗುವ ಸಾಲು ನನಗೆ ಚೆನ್ನಾಗಿ ನೆನಪಿತ್ತು, ಅದು ಮಾತ್ರ ಎಲ್ಲೂ ಇರಲಿಲ್ಲ.

“ಮರಣ ಬೇಡ ಅಂದೆ ಅಷ್ಟೇ. ಮರದ ಸಾಲು ಯಾಕೆ ಹೋಯ್ತು?” ಎಂದಳು.

ಇಡೀ ಪ್ರಕರಣ ಇರುವುದು ಈ ಪ್ರಶ್ನೆಯಲ್ಲೇ.

ಹನ್ನೆರಡು ಸಾಲಿನ ಪರೀಕ್ಷೆ

ದೊಡ್ಡ ಫೈಲ್ ಇಟ್ಟುಕೊಂಡು ತಪ್ಪು ಹುಡುಕುವುದು ಕಷ್ಟ. ಯಾವ ಸಾಲು ಬರಬೇಕು, ಯಾವುದು ಬರಬಾರದು ಎಂದು ಕಣ್ಣಲ್ಲೇ ಹೇಳಬಹುದಾದ ಚಿಕ್ಕ ಫೈಲ್ ಒಂದು ಬೇಕು. ನಾವು ಹನ್ನೆರಡು ಸಾಲು ಬರೆದುಕೊಂಡೆವು.

1. ಅಂಗಳದ ಮರ ಚಿಗುರಿದೆ.
2. ಮರಗಳ ನೆರಳು ತಂಪು.
3. ಅವನ ಮರಣ ಎಲ್ಲರಿಗೂ ನೋವು ತಂದಿತು.
4. ಮರದ ಕೆಳಗೇ ಅವನ ಮರಣ ಆಯಿತು.
5. ನಾಯಿಮರಿ ಮಲಗಿದೆ.
6. ಆ ಮಾತು ಮರೆತೆ.
7. ಮರಳು ಬಿಸಿಯಾಗಿದೆ.
8. ಸಮರ ಮುಗಿಯಿತು.
9. ಹೆಮ್ಮರ ಉರುಳಿತು.
10. ಹಕ್ಕಿ ಮರಕ್ಕೆ ಮರಳಿ ಬಂತು.
11. ಉಂಗುರದಲ್ಲಿ ಮರಕತ ಇತ್ತು.
12. ಮರವೆಲ್ಲ ಹೂವಾಗಿತ್ತು.

ನಮಗೆ ಬೇಕಾದವು 1, 2, 4, 9, 10, 12. ಒಟ್ಟು ಆರು. ಉಳಿದ ಆರು ಬೇಡ. ಸುಮ್ನೆ ‘ಮರ’ ಎಂದು ಹುಡುಕಿದರೆ ಹನ್ನೆರಡಕ್ಕೆ ಹನ್ನೆರಡೂ ಬರುತ್ತವೆ.

ಗೆಳತಿ ಮಾಡಿದ್ದು ಬಹಳ ಜನ ಮಾಡುವ ಕೆಲಸವೇ. ಫೈಲ್‌ನಿಂದ ಸಾಲುಗಳನ್ನು ಹುಡುಕಿ ಕೊಡುವ ಗ್ರೆಪ್ ಎಂಬ ಉಪಕರಣದಲ್ಲಿ ‘ಮರ’ ಹುಡುಕಿ, ಬಂದ ಸಾಲುಗಳನ್ನು ಮತ್ತೆ ಗ್ರೆಪ್‌ಗೆ ಕೊಟ್ಟು, ಬೇಡದ ಪದ ಇರುವ ಸಾಲುಗಳನ್ನು ‘ವಿ’ ಆಯ್ಕೆಯಿಂದ ತೆಗೆದುಹಾಕಿದ್ದಳು. ಬೇಡದ ಪಟ್ಟಿಯಲ್ಲಿ ಮರಣ, ಮರಳ, ಸಮರ, ಮರಕತ ಇದ್ದವು. ಇದನ್ನು ನಮ್ಮ ಹನ್ನೆರಡು ಸಾಲಿನ ಮೇಲೆ ಓಡಿಸಿದರೆ ಉಳಿಯುವುದು 1, 2, 5, 6, 9, 12.

ಎಣಿಸಿ ನೋಡಿ. ಆರು ಬೇಕಿತ್ತು, ಆರೇ ಬಂದಿವೆ. ಆದರೆ ಬೇಕಿದ್ದ ಎರಡು ಹೊರಗೆ ಹೋಗಿವೆ, ಬೇಡದ ಎರಡು ಒಳಗೆ ಕೂತಿವೆ. ಲೆಕ್ಕ ಮಾತ್ರ ಸರಿ. ಬಂದ ಸಾಲುಗಳ ಸಂಖ್ಯೆ ನೋಡಿ ಸಮಾಧಾನ ಪಟ್ಟುಕೊಳ್ಳುವವರಿಗೆ ಇದನ್ನು ನಾನು ಮತ್ತೆ ಮತ್ತೆ ತೋರಿಸುತ್ತೇನೆ.

ನಾಲ್ಕನೆಯ ಸಾಲು ಹೋದದ್ದು ಯಾಕೆ ಎಂದು ಈಗ ಹೇಳಬಹುದು. ಗ್ರೆಪ್‌ನ ‘ವಿ’ ಕೇಳುವುದು “ಈ ಸಾಲಿನಲ್ಲಿ ಎಲ್ಲಾದರೂ ಮರಣ ಇದೆಯಾ?” ಎಂದು. ನಾವು ಕೇಳಬೇಕಿದ್ದದ್ದು “ಈ ಜಾಗದಲ್ಲಿರುವ ಮರ, ಮರಣದ ತುಂಡಾ?” ಎಂದು. ಎರಡೂ ಬೇರೆ ಪ್ರಶ್ನೆ. ಬೇಕಾದ್ದನ್ನು ಹುಡುಕುವಾಗ ಜಾಗದ ಮಾತು ಬರುವುದೇ ಇಲ್ಲ, ಅದು ಎಲ್ಲಿ ಸಿಕ್ಕರೂ ಸಿಕ್ಕಂತೆ. ಬೇಡ ಎನ್ನುವಾಗ ಮಾತ್ರ ಎಲ್ಲಿ ಬೇಡ ಎಂದು ಹೇಳಲೇಬೇಕು. ಇಡೀ ಸಾಲಿನಲ್ಲೇ ಬೇಡವಾ, ಆ ಪದದೊಳಗೆ ಬೇಡವಾ, ಇಲ್ಲಾ ಪಕ್ಕದ ಒಂದು ಅಕ್ಷರದಲ್ಲಿ ಬೇಡವಾ? ನಾವು ಎಡವಿದ ಪ್ರತಿ ಸಲವೂ ಎಡವಿದ್ದು ಇಲ್ಲೇ.

ಚೌಕ ಕಂಸದ ಆಸೆ

ಬೇಕಾದ ಪದದ ರೂಪವನ್ನು ಚಿಹ್ನೆಗಳಲ್ಲಿ ಬರೆದು ಹುಡುಕುವ ನಮೂನೆಗೆ ರೆಗ್ಯುಲರ್ ಎಕ್ಸ್‌ಪ್ರೆಶನ್, ಚಿಕ್ಕದಾಗಿ ರೆಜೆಕ್ಸ್, ಎನ್ನುತ್ತಾರೆ. ನಾನು ಮೊದಲು ಬರೆದದ್ದು ಇದು:

ಮರ[^ಣ]

ಚೌಕ ಕಂಸದೊಳಗೆ ಮೊದಲಿಗೆ ಬಂದ ಟೋಪಿ ಗುರುತು ‘ಇದನ್ನು ಬಿಟ್ಟು ಬೇರೆ ಯಾವುದಾದರೂ ಒಂದು’ ಎಂದು ಹೇಳುತ್ತದೆ. ಮರಣ ಹೋಗುತ್ತದೆ, ಸರಿ. ಆದರೆ ‘ಒಂದು’ ಎನ್ನುವುದನ್ನು ಗಮನಿಸಬೇಕು. ಅಲ್ಲಿ ಏನಾದರೂ ಒಂದು ಇರಲೇಬೇಕು. ಸಾಲು ‘ಅದೋ ಮರ’ ಎಂದು ಚುಕ್ಕಿಯೂ ಇಲ್ಲದೆ ಮುಗಿದರೆ ಅದು ಸಿಗುವುದೇ ಇಲ್ಲ. ಇನ್ನು [^ಮರಣ] ಎಂದು ಇಡೀ ಪದವನ್ನೇ ಕಂಸದೊಳಗೆ ಹಾಕಿದರೆ ‘ಮರಣ ಎಂಬ ಪದ ಬೇಡ’ ಎಂದಾಗುವುದಿಲ್ಲ. ‘ಮ ಅಲ್ಲದ, ರ ಅಲ್ಲದ, ಣ ಅಲ್ಲದ ಒಂದು ಅಕ್ಷರ ಬೇಕು’ ಎಂದಾಗುತ್ತದೆ. ರೆಜೆಕ್ಸ್ ಕಲಿಯುವ ಹೆಚ್ಚುಕಡಿಮೆ ಎಲ್ಲರೂ ಇಲ್ಲಿ ಒಮ್ಮೆ ಬೀಳುತ್ತಾರೆ.

ಹಳೆಯ ರೆಜೆಕ್ಸ್‌ನಲ್ಲಿ ‘ಈ ಪದ ಬೇಡ’ ಎಂದು ಹೇಳಲು ಸಾಧ್ಯವೇ ಇಲ್ಲ ಎಂದೇನಲ್ಲ. ಸ್ಟೀಫನ್ ಕ್ಲೀನಿ 1950ರ ದಶಕದಲ್ಲಿ ಕಟ್ಟಿದ ಗಣಿತದ ಪ್ರಕಾರ, ಒಂದು ನಮೂನೆಯನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಬರೆಯಬಹುದಾದರೆ ಅದರ ವಿರುದ್ಧವನ್ನೂ ಬರೆಯಬಹುದು. ‘ಮರ’ ಎಲ್ಲೂ ಇಲ್ಲದ ಸಾಲನ್ನು ಹೀಗೆ ಹಿಡಿಯಬಹುದು:

^([^ಮ]|ಮ+[^ಮರ])*ಮ*$

ಚೌಕ ಕಂಸದ ಹೊರಗೆ ^ ಎಂದರೆ ಸಾಲಿನ ಮೊದಲು, $ ಎಂದರೆ ಸಾಲಿನ ಕೊನೆ, | ಎಂದರೆ ‘ಅಥವಾ’, + ಎಂದರೆ ಒಂದೋ ಹೆಚ್ಚೋ ಸಲ, * ಎಂದರೆ ಎಷ್ಟು ಸಲವಾದರೂ, ಇಲ್ಲದಿದ್ದರೂ ಸರಿ. ಮ ಅಲ್ಲದ್ದು ಬಂದರೆ ಸರಿ. ಮ ಬಂದರೆ, ಒಂದೋ ಹತ್ತೋ, ಅದರ ಬೆನ್ನಿಗೆ ರ ಬರಬಾರದು. ಸಾಲಿನ ಕೊನೆಯಲ್ಲಿ ಬರೀ ಮ ಉಳಿದರೆ ಅಡ್ಡಿಯಿಲ್ಲ. ಎರಡು ಅಕ್ಷರದ ಪದಕ್ಕೇ ಇಷ್ಟು. ಐದು ಅಕ್ಷರದ್ದಾದರೆ, ಅದೂ ಮೂರು ಪದಗಳಾದರೆ, ಬರೆದವರಿಗೇ ಮರುದಿನ ಅರ್ಥವಾಗುವುದಿಲ್ಲ. ಕೆನ್ ಥಾಂಪ್ಸನ್ ಬರೆದ ಗ್ರೆಪ್ 1973ರಲ್ಲಿ ಯೂನಿಕ್ಸ್ ಜೊತೆ ಬಂತು. ಸಾಲನ್ನೇ ತಿರುಗಿಸಿ ಆರಿಸುವ ಆಯ್ಕೆ ಅದರಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಈ ಒಂದು ಸಾಲು ನೋಡಿದರೆ ಗೊತ್ತಾಗುತ್ತದೆ.

ಇಣುಕಿ ನೋಡುವುದು

1994ರಲ್ಲಿ ಬಂದ ಪ್ರೋಗ್ರಾಮಿಂಗ್ ಭಾಷೆ ಪರ್ಲ್ 5 ಈ ಕಷ್ಟಕ್ಕೆ ಸುಲಭದ ದಾರಿ ಕೊಟ್ಟಿತು: ಲುಕ್‌ಅಹೆಡ್. ಇದ್ದ ಜಾಗದಲ್ಲೇ ನಿಂತು ಮುಂದೆ ಏನಿದೆ ಎಂದು ಇಣುಕುವುದು. ನೋಡುತ್ತದೆ, ಆದರೆ ಒಂದು ಅಕ್ಷರವನ್ನೂ ತಿನ್ನುವುದಿಲ್ಲ. ‘ಮುಂದೆ ಇದು ಇರಬಾರದು’ ಎನ್ನಲು (?!…) ಎಂದು ಬರೆಯುತ್ತಾರೆ. ಇದಕ್ಕೆ ನೆಗೆಟಿವ್ ಲುಕ್‌ಅಹೆಡ್ ಎಂದು ಹೆಸರು.

ಗೆಳತಿ ಖುಷಿಯಿಂದ ಬರೆದದ್ದು:

(?!ಮರಣ).*ಮರ

ಮೂರನೆಯ ಸಾಲು ಹಾಗೇ ಬಂತು! ಕಾರಣ ಸರಳ. ಈ ಇಣುಕು ನಡೆಯುವುದು ಸಾಲಿನ ಮೊದಲಲ್ಲಿ, ಒಂದೇ ಸಲ. ಅಲ್ಲಿ ಇರುವುದು ‘ಅವನ’, ಮರಣ ಅಲ್ಲ. ಹಾಗಾಗಿ ದಾಟಿಹೋಗುತ್ತದೆ. ಆಮೇಲೆ ‘ಏನಾದರೂ, ಎಷ್ಟಾದರೂ ಇರಲಿ’ ಎನ್ನುವ .* ಮುಂದೆ ಸಾಗಿ, ಮರಣದೊಳಗಿನ ಮರವನ್ನೇ ಹಿಡಿದು ತರುತ್ತದೆ. ಇಡೀ ಸಾಲಿನಲ್ಲಿ ಮರಣ ಬೇಡ ಎನ್ನಬೇಕಾದರೆ ಇಣುಕಿನೊಳಗೇ .* ಇರಬೇಕು, ಮುಂದೆ ^ ಗುರುತೂ ಇರಬೇಕು:

^(?!.*ಮರಣ).*ಮರ

ಆ ^ ಅಲಂಕಾರಕ್ಕಲ್ಲ. (?!.*ಮರಣ).* ಎಂದು ಅದಿಲ್ಲದೆ ಬರೆದರೆ ಯಂತ್ರ ಸಾಲಿನ ಮೊದಲಲ್ಲಿ ಸೋತು, ಒಂದೊಂದೇ ಹೆಜ್ಜೆ ಮುಂದಿಡುತ್ತದೆ. ಮರಣದ ಮ ದಾಟಿ ರ ಮೇಲೆ ನಿಂತಾಗ ಮುಂದೆ ಮರಣ ಎಲ್ಲೂ ಇಲ್ಲ. ಗೆದ್ದೆ ಎನ್ನುತ್ತದೆ.

ಆದರೆ ^ ಹಾಕಿದ್ದೂ ಗ್ರೆಪ್‌ನ ‘ವಿ’ ಮಾಡಿದ ಕೆಲಸವನ್ನೇ ಮಾಡುತ್ತದೆ. ನಾಲ್ಕನೆಯ ಸಾಲು ಮತ್ತೆ ಹೊರಗೆ. ನಮಗೆ ಬೇಕಿದ್ದದ್ದು ಮರದ ಬೆನ್ನಿಗೇ ಅಂಟಿದ ಇಣುಕು:

ಮರ(?!ಣ|ಳ|ಕತ)

ಈಗ 1, 2, 4, 5, 6, 8, 9, 10, 12 ಬಂದವು. ಒಂಬತ್ತು. ಬೇಕಾದ ಆರೂ ಇವೆ. ನಾಲ್ಕು ಮತ್ತು ಹತ್ತು ಮರಳಿ ಬಂದವು. ಜಾಸ್ತಿ ಬಂದವು ಮೂರು: ನಾಯಿಮರಿ, ಮರೆತೆ, ಸಮರ.

ಕಣ್ಣಿಗೆ ಒಂದಕ್ಷರ, ಯಂತ್ರಕ್ಕೆ ಎರಡು

ನಾಯಿಮರಿ ಯಾಕೆ ಬಂತು? ನಮ್ಮ ಕಣ್ಣಿಗೆ ‘ಮರಿ’ಯಲ್ಲಿ ‘ರ’ ಇಲ್ಲ, ‘ರಿ’ ಇದೆ. ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಹಾಗಲ್ಲ. ‘ರಿ’ ಎಂದರೆ ರ, ಆಮೇಲೆ ಗುಡಿಸು. ಎರಡು ಬೇರೆ ಸಂಕೇತ. ‘ಮರೆ’ಯಲ್ಲಿ ರ, ಆಮೇಲೆ ಎತ್ವ. ಹಾಗಾಗಿ ಮರಿ, ಮರೆ, ಮರು, ಮರ್ಮ ಎಲ್ಲದರ ಹೊಟ್ಟೆಯಲ್ಲೂ ‘ಮರ’ ಇದೆ. ಕ್ಯಾಮರಾದಲ್ಲೂ ಇದೆ, ಪ್ರೋಗ್ರಾಮರ್‌ನಲ್ಲೂ ಇದೆ. ಇಂಗ್ಲಿಷ್ ಉದಾಹರಣೆ ಇಟ್ಟುಕೊಂಡು ರೆಜೆಕ್ಸ್ ಕಲಿತವರಿಗೆ ಈ ತೊಂದರೆ ಇರುವುದೇ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಹುಡುಕುವವರು ಇದನ್ನು ಮೊದಲ ದಿನವೇ ಕಲಿಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಪರಿಹಾರ ದೊಡ್ಡದಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಗುಣಿತ ಚಿಹ್ನೆಗಳು ಇಳಿಯಿಂದ ಶುರುವಾಗಿ, ಕೊನೆಗೆ ಅರ್ಧಾಕ್ಷರದ ಚಿಹ್ನೆಯವರೆಗೆ ಸಾಲಾಗಿ ಕೂತಿವೆ. ಒಂದು ವ್ಯಾಪ್ತಿ ಕೊಟ್ಟರೆ ಸಾಕು:

ಮರ(?![ಾ-್]|ಣ|ಳ|ಕತ)

ಪರದೆಯ ಮೇಲೆ ಇದು ವಿಚಿತ್ರವಾಗಿ ಕಾಣುತ್ತದೆ. ಚಿಹ್ನೆಗಳು ಕಂಸಕ್ಕೂ ಅಡ್ಡಗೆರೆಗೂ ಅಂಟಿಕೊಳ್ಳುತ್ತವೆ. ಎಡಿಟರ್‌ನಲ್ಲಿ ಕರ್ಸರ್ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಆದ್ದರಿಂದ ಪ್ರೋಗ್ರಾಮ್‌ನಲ್ಲಿ ಬರೆಯುವಾಗ ಚಿಹ್ನೆಯ ಬದಲು ಅದರ ಯೂನಿಕೋಡ್ ಸಂಖ್ಯೆ ಬರೆಯುವುದು ಒಳ್ಳೆಯದು. ಫಲ ಮಾತ್ರ ಚೆನ್ನಾಗಿತ್ತು: 5 ಮತ್ತು 6 ಹೋದವು. ಉಳಿದದ್ದು ಸಮರ ಒಂದೇ.

ಅದೃಷ್ಟದಿಂದ ಪಾಸಾದ ಪರೀಕ್ಷೆ

ಸಮರಕ್ಕೆ ಮದ್ದು ಎಡಗಡೆ ಇರಬೇಕು. ಪದದ ಗಡಿ ಗುರುತಿಸುವ ‘ಬ್ಯಾಕ್‌ಸ್ಲ್ಯಾಶ್ ಬಿ’ ಎಲ್ಲರಿಗೂ ಗೊತ್ತು. ಅದನ್ನು ‘ಮರ’ದ ಮುಂದೆ ಇಟ್ಟು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓಡಿಸಿದೆವು. ಬಂದದ್ದು 1, 2, 4, 9, 10, 12. ಆರಕ್ಕೆ ಆರೂ ಸರಿ. ಮುಗೀತು ಅಂದುಕೊಂಡೆವು.

ಗೆಳತಿ ಅನುಮಾನದಿಂದ ಕೇಳಿದಳು: “ಹೆಮ್ಮರ ಹೇಗೆ ಬಂತು? ಅಲ್ಲಿ ಮರ ಪದದ ಮಧ್ಯದಲ್ಲಿದೆ. ಗಡಿ ಎಲ್ಲಿ?”

ಅವಳು ಕೇಳಿದ್ದು ಸರಿಯಾಗಿತ್ತು. ಪೈಥಾನ್‌ನಲ್ಲಿ ರೆಜೆಕ್ಸ್ ಓಡಿಸುವ ‘ರೀ’ ಮಾಡ್ಯೂಲ್ ಅಕ್ಷರ, ಅಂಕಿ, ಅಡಿಗೆರೆ ಇವನ್ನಷ್ಟೇ ಪದದ ಭಾಗ ಎಂದು ಎಣಿಸುತ್ತದೆ. ಕನ್ನಡದ ಗುಣಿತ ಚಿಹ್ನೆಗಳು ಮತ್ತು ಅರ್ಧಾಕ್ಷರದ ಚಿಹ್ನೆ ಯೂನಿಕೋಡ್ ಪಟ್ಟಿಯಲ್ಲಿ ಅಕ್ಷರಗಳಲ್ಲ, ಅಕ್ಷರಕ್ಕೆ ಸೇರುವ ಗುರುತುಗಳು. ಹಾಗಾಗಿ ‘ಹೆಮ್ಮರ’ದಲ್ಲಿ ಮ್ ಆದಮೇಲೆ ಪದ ಒಡೆಯಿತು ಎಂದು ಪೈಥಾನ್ ತಿಳಿಯುತ್ತದೆ. ಸಮರದಲ್ಲಿ ಸ, ಮ ಎರಡೂ ಅಕ್ಷರ, ಅಲ್ಲಿ ಗಡಿ ಇಲ್ಲ. ನಮಗೆ ಬೇಕಾದದ್ದು ಬಂದದ್ದೂ ಬೇಡದ್ದು ಹೋದದ್ದೂ ಬರೀ ಅದೃಷ್ಟ.

ದೊಡ್ಡ ಫೈಲ್ ಮೇಲೆ ಓಡಿಸಿದಾಗ ಅದೃಷ್ಟ ಕೈಕೊಟ್ಟಿತು. ಪಾಮರ ಬಂದ, ಚಾಮರ ಬಂತು. ‘ಮಹಾತ್ಮರ ಮಾತು’ ಕೂಡ ಬಂತು, ಏಕೆಂದರೆ ತ್ ಆದಮೇಲೆ ಮರ ಇದೆ, ಥೇಟ್ ಹೆಮ್ಮರದ ಹಾಗೆ. ಅದೇ ನಮೂನೆಯನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಹಾಕಿದರೆ ಹನ್ನೆರಡರಲ್ಲಿ ಒಂದೂ ಸಿಗುವುದಿಲ್ಲ. ಅಲ್ಲಿ ಈ ಗಡಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟರೆ ಬೇರೇನೂ ಪದವೇ ಅಲ್ಲ. ಕನ್ನಡ ಪಠ್ಯದಲ್ಲಿ ಈ ಗಡಿ ಗುರುತನ್ನು ಪರೀಕ್ಷಿಸದೆ ನಂಬಲೇಬೇಡಿ.

ನಮ್ಮ ಗಡಿಯನ್ನು ನಾವೇ ಬರೆದುಕೊಂಡೆವು. ಸೊನ್ನೆಯಿಂದ ಅರ್ಧಾಕ್ಷರದ ಚಿಹ್ನೆಯವರೆಗಿನ ವ್ಯಾಪ್ತಿಯಲ್ಲಿ ಕನ್ನಡದ ಸ್ವರ, ವ್ಯಂಜನ, ಚಿಹ್ನೆ ಎಲ್ಲ ಬರುತ್ತವೆ. ‘ಹಿಂದೆ ಇವು ಯಾವುದೂ ಇರಬಾರದು’ ಎನ್ನಲು ಲುಕ್‌ಬಿಹೈಂಡ್:

(?<![ಂ-್])ಮರ(?![ಾ-್]|ಣ|ಳ|ಕತ)

ಪಾಮರ, ಸಮರ, ಮಹಾತ್ಮರ ಎಲ್ಲ ಹೋದವು. ಹೆಮ್ಮರವೂ ಹೋಯಿತು. ಮಾಮರ, ಆಲದಮರ, ಬೇವಿನಮರ ಎಂದು ಕೂಡಿಸಿ ಬರೆದವೂ ಹೋದವು.

ಇಲ್ಲಿ ನಾವು ಪ್ರಶ್ನೆಯನ್ನೇ ತಿರುಗಿಸಿದೆವು. ಬಲಗಡೆ ಬೇಡದ ಪಟ್ಟಿ ಚಿಕ್ಕದು, ಬೇಕಾದ ಪಟ್ಟಿ ದೊಡ್ಡದು: ಮರದ, ಮರಕ್ಕೆ, ಮರವನ್ನು, ಮರಗಳಿಂದ, ಹೀಗೆ ವಿಭಕ್ತಿಗಳ ಸಾಲೇ ಇದೆ. ಆದ್ದರಿಂದ ಬಲಕ್ಕೆ ‘ಇವು ಬೇಡ’ ಎನ್ನುವುದೇ ಸರಿ. ಎಡಗಡೆ ಬೇಡದ್ದು ಎಷ್ಟಿದೆಯೋ ಎಣಿಸಲಾಗದು, ಬೇಕಾದದ್ದು ಬೆರಳೆಣಿಕೆ. ಅಲ್ಲಿ ‘ಇವು ಮಾತ್ರ ಬರಲಿ’ ಎಂದೆವು. ಲುಕ್‌ಬಿಹೈಂಡ್‌ನಲ್ಲಿ ! ಬದಲು = ಇಟ್ಟರೆ ‘ಹಿಂದೆ ಇದು ಇರಲೇಬೇಕು’ ಎಂದರ್ಥ:

(?:(?<![ಂ-್])|(?<=[ದನ])|(?<=ಹೆಮ್)|(?<=ಮಾ))ಮರ(?![ಾ-್]|ಣ|ಳ|ಕತ)

ಒಂದೇ ಲುಕ್‌ಬಿಹೈಂಡ್‌ನಲ್ಲಿ ಎಲ್ಲವನ್ನೂ ತುರುಕದೆ ಬೇರೆ ಬೇರೆ ಬರೆದದ್ದಕ್ಕೆ ಕಾರಣವಿದೆ. ಪೈಥಾನ್‌ನ ‘ರೀ’ಯಲ್ಲಿ ಒಂದು ಲುಕ್‌ಬಿಹೈಂಡ್ ಎಷ್ಟು ಸಂಕೇತ ಹಿಂದೆ ನೋಡಬೇಕು ಎಂಬುದು ಮೊದಲೇ ಗೊತ್ತಿರಬೇಕು. ‘ದ’ ಎಂದರೆ ಒಂದು, ‘ಮಾ’ ಎಂದರೆ ಎರಡು, ‘ಹೆಮ್’ ಎಂದರೆ ನಾಲ್ಕು. ಕೂಡಿಸಿದರೆ ದೋಷ ತೋರಿಸಿ ನಿಲ್ಲುತ್ತದೆ.

ಎಡಬಲದ ಪಟ್ಟಿಗಳನ್ನು ನಾವು ತಲೆಯಿಂದ ಬರೆಯಲಿಲ್ಲ, ಇದನ್ನು ಒತ್ತಿ ಹೇಳಬೇಕು. [ಂ-್]*ಮರ[ಂ-್]* ಎಂದು ಹುಡುಕಿ, ‘ಮರ’ ಹೊಟ್ಟೆಯಲ್ಲಿರುವ ಪೂರ್ತಿ ಪದಗಳನ್ನು ತೆಗೆದೆವು. ಒಂದೇ ಪದ ಎರಡು ಸಲ ಬರದಂತೆ ಮಾಡಿ ಅಕಾರಾದಿಯಾಗಿ ಜೋಡಿಸಿದೆವು. ಸಾವಿರಾರು ಸಾಲು ಓದುವುದು ಆಗದ ಮಾತು. ಬೇರೆ ಬೇರೆ ಪದಗಳಷ್ಟೇ ಇರುವ ಪಟ್ಟಿಯನ್ನು ಕೂತು ಓದಬಹುದು. ಪ್ರತಿ ಬದಲಾವಣೆ ಆದಮೇಲೆ, ಹೊರಗೆ ಹೋದ ಪದಗಳ ಪಟ್ಟಿಯನ್ನೂ ಓದಿದೆವು. ಒಳಗೆ ಬಂದದ್ದರ ತಪ್ಪು ತಾನೇ ಕಣ್ಣಿಗೆ ಬೀಳುತ್ತದೆ. ಹೊರಗೆ ಹೋದದ್ದು ಹುಡುಕಿಕೊಂಡು ಹೋದರೆ ಮಾತ್ರ ಸಿಗುತ್ತದೆ. ಇದಕ್ಕೂ ಮೊದಲು ಇಡೀ ಫೈಲನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಡೆದು ಬರೆದ ಚಿಹ್ನೆಗಳು ಕೂಡಿಕೊಳ್ಳುವ ರೂಪಕ್ಕೆ, ತಂದುಕೊಂಡಿದ್ದೆವು. ‘ಕೀ’ಯಲ್ಲಿನ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ.

ಇಣುಕಲು ಬಾರದ ಯಂತ್ರಗಳು

ಗೆಳತಿ ಇದೇ ಕೆಲಸವನ್ನು ಗೋ ಭಾಷೆಯಲ್ಲಿ ಬರೆದ ಒಂದು ಉಪಕರಣದಲ್ಲೂ ಮಾಡಬೇಕಿತ್ತು. ಅದು (?! ಕಂಡ ಕೂಡಲೇ ತಪ್ಪು ಎಂದಿತು. ಗೋ ಭಾಷೆಯ ರೆಜೆಕ್ಸ್‌ನಲ್ಲಿ, ಗೂಗಲ್‌ನ ಆರ್‌ಇ2ನಲ್ಲಿ, ರಸ್ಟ್‌ನ ರೆಜೆಕ್ಸ್‌ನಲ್ಲಿ ಈ ಇಣುಕು ಇಲ್ಲ. ಪಠ್ಯ ಎಷ್ಟು ಉದ್ದವೋ ಅಷ್ಟೇ ಅನುಪಾತದ ಸಮಯದಲ್ಲಿ ಹುಡುಕಿ ಮುಗಿಸುತ್ತೇವೆ ಎಂಬ ಭರವಸೆಗಾಗಿ ಬೇಕೆಂದೇ ಬಿಟ್ಟಿದ್ದಾರೆ. ಅಲ್ಲಿ ಬೇರೆ ಉಪಾಯ:

ಮರಣ|ಮರಳ|ಮರಕತ|ಸಮರ|(ಮರ)

ಬೇಡದ್ದನ್ನು ಬಿಡುವ ಬದಲು ಮೊದಲು ಹಿಡಿಯುವುದು. ಯಂತ್ರ ಮರಣವನ್ನು ಹಿಡಿದರೆ ಅದನ್ನು ದಾಟಿಯೇ ಮುಂದೆ ಹೋಗುತ್ತದೆ, ಅದರೊಳಗಿನ ಮರ ಮತ್ತೆ ಸಿಗುವುದಿಲ್ಲ. ಕಂಸದ ಗುಂಪಿನಲ್ಲಿ ಏನಾದರೂ ಸಿಕ್ಕಿದ್ದರೆ ಅದಷ್ಟೇ ನಮ್ಮದು, ಉಳಿದದ್ದನ್ನು ಪ್ರೋಗ್ರಾಮ್‌ನಲ್ಲಿ ಕೈಬಿಟ್ಟರಾಯಿತು. ಹತ್ತನೆಯ ಸಾಲಿನಲ್ಲಿ ‘ಮರಕ್ಕೆ’ಯ ಮರ ಗುಂಪಿಗೆ ಬರುತ್ತದೆ, ‘ಮರಳಿ’ ಬದಿಗೆ ಸರಿಯುತ್ತದೆ. ಗುಣಿತದ ಮರಿ, ಮರೆಗಳಿಗೆ ಮರ[ಾ-್] ಎಂದು ಇನ್ನೊಂದು ಕವಲು ಸೇರಿಸಿದರೆ ಸಾಕು. ನನಗೆ ಈ ಉಪಾಯ ಲುಕ್‌ಅಹೆಡ್‌ಗಿಂತ ಹೆಚ್ಚು ಇಷ್ಟ. ಬೇಡದ ಪದಗಳು ಪೂರ್ತಿ ಪದಗಳಾಗಿಯೇ ಕಣ್ಣೆದುರು ಇರುತ್ತವೆ, ಬೇರೆಯವರೂ ಓದಿ ತಿದ್ದಬಹುದು.

ಉಳಿದ ಎರಡು ಗಂಟು

‘ಮರವೆ’ ಎಂದರೆ ಮರೆಯುವಿಕೆ, ಅದು ಬೇಡ. ಬಲಗಡೆಯ ಪಟ್ಟಿಗೆ ‘ವೆ’ ಸೇರಿಸಿದೆವು. ಹನ್ನೆರಡನೆಯ ಸಾಲು ಕೂಡಲೇ ಮಾಯ: ‘ಮರವೆಲ್ಲ’. ಮರವೆಂದರೆ, ಮರವೆಷ್ಟು ಎಂಬವೂ ಹಾಗೇ. ಇಣುಕಿನೊಳಗೆ ಇಣುಕು ಇಟ್ಟು ಇದನ್ನು ಬಿಡಿಸಬಹುದು. ನಾವು ಬಿಡಿಸಲಿಲ್ಲ. ಮರವೆ ಫೈಲ್‌ನಲ್ಲಿ ಇದ್ದದ್ದೇ ಕೆಲವು ಕಡೆ. ಅವನ್ನು ಕೈಯಲ್ಲೇ ತೆಗೆದೆವು. ಅಷ್ಟಕ್ಕಾಗಿ ನಮೂನೆಯನ್ನು ಇನ್ನೂ ಉದ್ದ ಮಾಡಿದ್ದರೆ ಮುಂದೆ ಅದನ್ನು ತಿದ್ದುವವರಿಗೆ ಕಷ್ಟವಾಗುತ್ತಿತ್ತು.

ಎರಡನೆಯದು ಹೊರಗೆ ಹೋದ ಪದಗಳ ಪಟ್ಟಿಯಲ್ಲಿ ಗೆಳತಿಗೆ ಸಿಕ್ಕಿದ್ದು. ಒಂದು ಸಂಭಾಷಣೆಯ ಸಾಲು: “ಆ ಮರಾನ ಕಡೀಬೇಡಿ.” ಮಾತಿನಲ್ಲಿ ನಾವೆಲ್ಲ ಹೀಗೇ ಅನ್ನುತ್ತೇವೆ. ಗುಣಿತ ಚಿಹ್ನೆ ಬೇಡ ಎಂದು ನಾವು ಹಾಕಿದ್ದ ನಿಯಮವೇ ಇದನ್ನು ಹೊರಗೆ ದಬ್ಬಿತ್ತು. ಇಳಿಯನ್ನು ವ್ಯಾಪ್ತಿಯಿಂದ ಬಿಡಿಸಿ, ಅದರ ಮುಂದೆ ‘ನ’ ಇಲ್ಲದಿದ್ದಾಗ ಮಾತ್ರ ಬೇಡ ಎಂದು ತಿದ್ದಿದೆವು:

ಮರ(?![ಿ-್]|ಾ(?!ನ)|ಣ|ಳ|ಕತ)

ಎಡಭಾಗ ಮೊದಲಿನದೇ. ಆ ಸಾಲನ್ನು ಪರೀಕ್ಷೆಯ ಫೈಲ್‌ಗೆ ಸೇರಿಸಿದೆವು. ಪಾಮರ, ಮಹಾತ್ಮರ, ಮಾಮರ, ಆಲದಮರ ಇರುವ ನಾಲ್ಕು ಸಾಲು ಅಷ್ಟರಲ್ಲಿ ಅಲ್ಲಿ ಸೇರಿದ್ದವು. ಹದಿನೇಳು ಸಾಲು. ಬೇಕಾದವು ಒಂಬತ್ತು, ಬೇಡದವು ಎಂಟು. ಓಡಿಸಿ, ಬಂದ ಒಂಬತ್ತನ್ನೂ ಒಂದೊಂದಾಗಿ ಓದಿ, ಆಮೇಲೆ ಹೋದ ಎಂಟನ್ನೂ ಓದಿದೆವು. ಆಮೇಲಷ್ಟೇ ದೊಡ್ಡ ಫೈಲ್ ಮತ್ತೆ ತೆರೆದೆವು.